ಹಿಂದಿನ ಅರ್ಧ

ಸಿದ್ದಕಟ್ಟೆ ಪೇಟೆ ದಾಟಿದ ಮೇಲೆ ಸಿಗುವ ತಿರುವಿನಲ್ಲಿ ಒಂದು ಕರು ರಸ್ತೆಗೆ ಇಳಿಯಿತು. ಮಿಸ್ರಿಯಾ ಬ್ರೇಕ್ ಒತ್ತಿದಳು. ಕಾರು ನಿಂತಿತು, ಕರು ತನ್ನ ಪಾಡಿಗೆ ದಾಟಿತು. ಆದರೆ ಹಿಂದೆ ಬರುತ್ತಿದ್ದ ಬಸ್ಸು ನಿಲ್ಲಲಿಲ್ಲ. ಟಯರು ಉಜ್ಜುವ ಸದ್ದಿಗೆ ಅವಳು ತಲೆಯೆತ್ತಿದಾಗ ಕನ್ನಡಿಯ ತುಂಬ ಬಸ್ಸಿನ ಮುಖವೇ ಇತ್ತು. ಡ್ರೈವರ್ ಹೇಗೋ ಬಲಕ್ಕೆ ಎಳೆದುಕೊಂಡ. ಕಾರಿನ ಬದಿಯ ಕನ್ನಡಿ ಮುರಿದು ಹಾರಿತು. ಬಸ್ಸು ಮುಂದೆ ಹೋಗಿ ರಸ್ತೆಗೆ ಅಡ್ಡಲಾಗಿ ನಿಂತಿತು.

ಹಿಂದಿನ ಸೀಟಿನಲ್ಲಿದ್ದ ಆರು ವರ್ಷದ ಮಗಳು ಶಮ್ನಾ ಬಿಸ್ಕತ್ತನ್ನು ಬಾಯಿಯ ಹತ್ತಿರ ಹಿಡಿದುಕೊಂಡು ಹಾಗೆಯೇ ಕೂತಿದ್ದಳು. ಅಳಲೂ ಇಲ್ಲ.

ಬಸ್ಸಿನಿಂದ ಇಳಿದು ಬಂದ ಕಂಡಕ್ಟರ್ ಬೈಯುತ್ತಾನೆ ಎಂದು ಮಿಸ್ರಿಯಾ ಕಾದಳು. ಅವನು ಬೈಯಲಿಲ್ಲ. ಮಗುವನ್ನೊಮ್ಮೆ ನೋಡಿ, ಕಿಟಕಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದ: "ಅಕ್ಕ, ನಿಮ್ಮ ಬ್ರೇಕ್ ಲೈಟ್ ಹೊತ್ತುವುದೇ ಇಲ್ಲ. ನೀವು ನಿಲ್ಲಿಸಿದ್ದು ನಮಗೆ ಗೊತ್ತಾಗುವುದು ಹೇಗೆ?"

ಮಿಸ್ರಿಯಾ ಮೂಡುಬಿದಿರೆಯ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ ಮಾಡುತ್ತಿದ್ದಳು. ಗಂಡ ಸಿನಾನ್ ಸೌದಿಯ ದಮ್ಮಾಮಿನಲ್ಲಿ ಕೆಲಸದಲ್ಲಿದ್ದ. ಅವಳೂ ಮಗಳೂ ಬಿ.ಸಿ.ರೋಡಿನಿಂದ ಸ್ವಲ್ಪ ಒಳಗಿರುವ ತವರುಮನೆಯಲ್ಲೇ ಇದ್ದರು. ಮಗಳ ಶಾಲೆಯೂ ಮೂಡುಬಿದಿರೆಯಲ್ಲೇ ಆದ್ದರಿಂದ ದಿನಾ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೋಗಿ ಸಂಜೆ ಒಟ್ಟಿಗೆ ಬರುವುದು. ಕಾರು ಹಳೆಯದು, ಬೂದು ಬಣ್ಣದ ಸಣ್ಣ ಕಾರು. ನಾಲ್ಕು ವರ್ಷದ ಹಿಂದೆ ಅವಳ ತಾಯಿಯ ತಮ್ಮ ಅಜ್ಮಲ್ ಕೊಡಿಸಿದ್ದು. ಕೈಕಂಬದಲ್ಲಿ ಹಳೆಯ ಕಾರುಗಳನ್ನು ಮಾರುವುದೇ ಅವನ ವ್ಯಾಪಾರ.

ಹಿಂದಿನ ಲೈಟುಗಳ ತೊಂದರೆ ಮಳೆಗಾಲದಲ್ಲೇ ಶುರುವಾಗಿತ್ತು. ಒಮ್ಮೆ ಹೊತ್ತುವುದು, ಒಮ್ಮೆ ಇಲ್ಲ. ಇಂಡಿಕೇಟರ್ ಹಾಕಿದರೆ ಅದರ ಜೊತೆ ಹಿಂದಿನ ಕೆಂಪು ದೀಪವೂ ಮಿಣುಕುವುದು. ಎರಡು ಸಲ ಗ್ಯಾರೇಜಿಗೆ ಕೊಟ್ಟಿದ್ದಳು. ಬಲ್ಬು ಬದಲಿಸಿದರು, ಹೋಲ್ಡರ್ ಉಜ್ಜಿ ಕೊಟ್ಟರು, ಕೆಲವು ದಿನ ಸರಿಯಾಯಿತು. ಆಮೇಲೆ ಪುನಃ ಅದೇ.

ಆ ಸಂಜೆ ಅವಳ ತಂದೆ ಅಬ್ದುಲ್ ವಹಾಬ್ ಮುರಿದ ಕನ್ನಡಿ ನೋಡಿದರು, ಮಗಳ ಮುಖ ನೋಡಿದರು. ಏನೂ ಕೇಳದೆ ಕೀ ತೆಗೆದುಕೊಂಡು ಒಳಗಿಟ್ಟರು. ಮರುದಿನ ಆದಿತ್ಯವಾರ. ನಾಳೆ ನಾನೇ ನೋಡುತ್ತೇನೆ, ಅಲ್ಲಿವರೆಗೆ ಯಾರೂ ಓಡಿಸುವುದು ಬೇಡ ಎಂದರು. ಅವರು ಸೌದಿಯ ಜುಬೈಲಿನ ಒಂದು ಕಂಪೆನಿಯ ಕ್ಯಾಂಪಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ವಯರಿಂಗ್ ಕೆಲಸ ಮಾಡಿ ಬಂದವರು. ಕಾರಿನ ಕೆಲಸ ಕಲಿತವರಲ್ಲ. ಆದರೆ ಕರೆಂಟು ಎಲ್ಲಾದರೂ ಕರೆಂಟೇ ಎನ್ನುವುದು ಅವರ ಧೈರ್ಯ.

ಬೆಳಿಗ್ಗೆ ಚಾ ಕುಡಿದು ಶೀಟಿನ ಶೆಡ್ಡಿನಲ್ಲಿ ಇಬ್ಬರೂ ಸೇರಿ ಶುರು ಮಾಡಿದರು. ತಾಯಿ ರಹ್ಮತ್ ಬೆಳ್ಳುಳ್ಳಿ ಸುಲಿಯುತ್ತಾ ಮೆಟ್ಟಿಲ ಮೇಲೆ ಕೂತಿದ್ದರು. ಶಮ್ನಾ ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಮಡಚಿಕೊಂಡು ಚಿತ್ರಕ್ಕೆ ಬಣ್ಣ ಹಾಕುತ್ತಿದ್ದಳು.

ವಹಾಬ್ ಮೊದಲು ಹಿಂದಿನ ಎರಡು ಬಲ್ಬುಗಳನ್ನು ಕಳಚಿ ನೇರ ಬ್ಯಾಟರಿಗೆ ಹಿಡಿದು ನೋಡಿದರು. ಎರಡೂ ಚೆನ್ನಾಗಿ ಉರಿದವು. ಫ್ಯೂಸ್ ಸರಿ ಇತ್ತು. ಬ್ರೇಕ್ ಪೆಡಲಿನ ಮೇಲ್ಗಡೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಪೆಡಲ್ ಒತ್ತಿದಾಗ ಅದರಿಂದಲೇ ಹಿಂದಿನ ಲೈಟಿಗೆ ಕರೆಂಟು ಹೋಗುವುದು. ಮಿಸ್ರಿಯಾ ಸ್ಟಿಯರಿಂಗಿನ ಅಡಿಗೆ ತಲೆ ಹಾಕಿ ಮಲಗಿ, ತಂದೆ ಕೊಟ್ಟ ಟೆಸ್ಟ್ ಲ್ಯಾಂಪಿನ ಮೊನೆಯನ್ನು ಆ ಸ್ವಿಚ್ಚಿನ ವಯರಿಗೆ ಚುಚ್ಚಿ, ಕೈಯಿಂದ ಪೆಡಲ್ ಒತ್ತಿದಳು. ಲ್ಯಾಂಪ್ ಹೊತ್ತಿತು. ಅಲ್ಲಿಂದ ಕರೆಂಟು ಹೊರಡುತ್ತದೆ ಎಂದಾಯಿತು. ಹಿಂದೆ ಹೋಗಿ ಬಲ್ಬಿನ ಹೋಲ್ಡರಿನಲ್ಲಿ ನೋಡಿದರೆ ಏನೂ ಇಲ್ಲ. ಹೊರಟದ್ದು ನಡುವೆ ಎಲ್ಲೋ ಕಾಣೆಯಾಗುತ್ತಿತ್ತು.

ಹೆಡ್‌ಲೈಟ್ ಹಾಕಿದಾಗ ಹೊತ್ತಬೇಕಾದ ಹಿಂದಿನ ದೀಪದ ಕಥೆ ಬೇರೆ. ಅದು ಹೊತ್ತುತ್ತಿತ್ತು, ಆದರೆ ಬೀಡಿಯ ತುದಿಯಷ್ಟೇ. ವಹಾಬ್ ಸ್ವಲ್ಪ ಹೊತ್ತು ಅದನ್ನೇ ನೋಡಿ, ಒಂದು ಉದ್ದದ ವಯರನ್ನು ಬ್ಯಾಟರಿಯ ನೆಗೆಟಿವ್‌ನಿಂದ ಕಾರಿನ ಹೊರಗಿನಿಂದಲೇ ಎಳೆದು ತಂದು ದೀಪದ ಬುಡಕ್ಕೆ ತಾಗಿಸಿದರು. ದೀಪ ಒಮ್ಮೆಲೇ ಝಗ್ಗೆಂದು ಬೆಳಗಿತು. ಮಿಸ್ರಿಯಾಗೆ ಖುಷಿಯಾಯಿತು. ತಂದೆಯ ಮುಖದಲ್ಲಿ ಖುಷಿ ಕಾಣಲಿಲ್ಲ.

ಅವರು ವಿವರಿಸಿದರು: ಕಾರಿನಲ್ಲಿ ಪ್ರತಿ ದೀಪಕ್ಕೆ ಕರೆಂಟು ಹೋಗಲು ಮಾತ್ರ ವಯರು. ಬ್ಯಾಟರಿಗೆ ವಾಪಸು ಬರುವುದು ಕಾರಿನ ಬಾಡಿಯ ತಗಡಿನ ಮೂಲಕವೇ. ವಯರು ಎಳೆದು ಕೊಟ್ಟಾಗ ದೀಪ ಚೆನ್ನಾಗಿ ಹೊತ್ತುತ್ತದೆ, ಇಲ್ಲದಿದ್ದರೆ ಇಲ್ಲ ಎಂದರೆ ಬಾಡಿಯಲ್ಲಿ ಅದಕ್ಕೆ ದಾರಿ ಸರಿಯಾಗಿ ಸಿಗುತ್ತಿಲ್ಲ.

"ಬಾಡಿ ಅಂದ್ರೆ ಒಂದೇ ಕಬ್ಬಿಣ ಅಲ್ವಾ ಮಿಸ್ರಿಯಾ," ಎಂದರು. "ಹಿಂದಿನಿಂದ ಮುಂದೆ ಬರ್ಲಿಕ್ಕೆ ಇದಕ್ಕೆ ಎಂತ ಕಷ್ಟ?"

ವಯರುಗಳ ಕಟ್ಟು ಬಾಗಿಲಿನ ಅಡಿಯಂಚಿನ ಪಕ್ಕದಲ್ಲಿ, ಕಾರ್ಪೆಟ್ಟಿನ ಕೆಳಗೆ ಹೋಗುತ್ತದೆ. ವಹಾಬ್ ಡ್ರೈವರ್ ಬದಿಯ ಪ್ಲಾಸ್ಟಿಕ್ ಪಟ್ಟಿಯನ್ನು ಸ್ಕ್ರೂ ತೆಗೆದು ಎಬ್ಬಿಸಿದರು. ಕಾರ್ಪೆಟ್ ಮೇಲಕ್ಕೆತ್ತಿದಾಗ ಹಳಸಿದ ನೀರಿನ ವಾಸನೆ ಬಂತು. ಕಟ್ಟು ಸಿಕ್ಕಿತು. ಮುಂದಿನಿಂದ ಬರುತ್ತಾ ಬರುತ್ತಾ ಡ್ರೈವರ್ ಸೀಟಿನ ಹಿಂದುಗಡೆ ಅದು ಒಮ್ಮೆಲೇ ದಪ್ಪವಾಗಿತ್ತು. ಕಪ್ಪು ಟೇಪು ಸುತ್ತಿದ ಒಂದು ಗಂಟು. ಬ್ಲೇಡಿನಿಂದ ಟೇಪು ಬಿಡಿಸಿದರು. ಒಳಗೆ ಒಂದಲ್ಲ, ಎರಡಲ್ಲ, ಎಲ್ಲಾ ವಯರುಗಳನ್ನೂ ಅದೇ ಜಾಗದಲ್ಲಿ ಕತ್ತರಿಸಿ ಕೈಯಿಂದ ತಿರುಚಿ ಜೋಡಿಸಿದ್ದರು. ಜೋಡಿಸಿದ ಕಡೆ ತಾಮ್ರ ಹಸಿರು ಹುಡಿಯಾಗಿ ಉದುರುತ್ತಿತ್ತು. ಬ್ರೇಕ್ ಲೈಟಿನದು ಮುಟ್ಟಿದ ಕೂಡಲೇ ತುಂಡಾಗಿ ಕೈಗೆ ಬಂತು. ಗಂಟಿನ ಮುಂದಿನ ವಯರಿಗೂ ಹಿಂದಿನ ವಯರಿಗೂ ಬಣ್ಣದಲ್ಲಿ ಹೊಂದಿಕೆಯೇ ಇರಲಿಲ್ಲ. ಈಚೆ ಹಸಿರು, ಆಚೆ ಕಂದು. ಈಚೆ ಹಳದಿ ಗೆರೆ, ಆಚೆ ಗೆರೆಯೇ ಇಲ್ಲ.

ಇಲಿ ಕಡಿದಿರಬಹುದೇ ಎಂದು ಮಿಸ್ರಿಯಾ ಕೇಳಿದಳು. ಇಲಿ ಇಷ್ಟು ನೇರವಾಗಿ ಕಡಿಯುವುದಿಲ್ಲ ಎಂದರು ವಹಾಬ್.

ಮಿಸ್ರಿಯಾ ಕಾರ್ಪೆಟ್ಟನ್ನು ಇನ್ನಷ್ಟು ಎಳೆದಳು. ನೆಲದ ತಗಡಿಗೆ ಡಾಂಬರಿನಂಥ ಕಪ್ಪು ದಪ್ಪ ಲೇಪ ಬಳಿದಿದ್ದರು. ಅದರ ಅಡಿಯಲ್ಲಿ ಏನೋ ಉಬ್ಬಿತ್ತು, ಹಳೆಯ ಗಾಯದ ಗೆರೆಯ ಹಾಗೆ, ಈ ಬಾಗಿಲಿನಿಂದ ಆ ಬಾಗಿಲಿನವರೆಗೆ. ಸ್ಕ್ರೂಡ್ರೈವರಿನಿಂದ ಕೆರೆದಳು. ಕಪ್ಪು ಹೋಯಿತು. ಅದರಡಿ ಬಿಳಿಯ ಪುಟ್ಟಿ ಹೋಯಿತು. ಅದರಡಿ ವೆಲ್ಡಿಂಗಿನ ಗಂಟುಗಂಟಾದ ಗೆರೆ. ಗೆರೆಯ ಈಚೆ ತಗಡಿನಲ್ಲಿ ಬೂದು ಬಣ್ಣ. ಆಚೆ, ಬೂದು ಬಣ್ಣ ಎದ್ದುಹೋದ ಕಡೆಯೆಲ್ಲ ಕೆಂಪು.

ಅವಳು ಇನ್ನೂ ಸ್ವಲ್ಪ ಒತ್ತಿದಳು. ಸ್ಕ್ರೂಡ್ರೈವರ್ ತಗಡಿನೊಳಗೆ ಇಳಿದು ಹೋಯಿತು. ತೂತಿನಲ್ಲಿ ಶೆಡ್ಡಿನ ನೆಲ ಕಂಡಿತು.

ವಹಾಬ್ ಬೆರಳಿನಿಂದ ಗೆರೆಯನ್ನು ಸವರುತ್ತಾ ಹೋಗಿ, ಬಾಗಿಲಿನ ನಡುಗಂಬದ ರಬ್ಬರ್ ಎಳೆದು ನೋಡಿದರು. ಅಲ್ಲಿಯೂ ಗೆರೆ. ಆಚೆ ಬದಿಗೆ ಹೋಗಿ ನೋಡಿದರು. ಅಲ್ಲಿಯೂ.

"ಇದು ಎರಡು ಕಾರು," ಎಂದರು. "ಒಂದರ ಮುಂದು, ಇನ್ನೊಂದರ ಹಿಂದು. ನಡುವೆ ಕತ್ತರಿಸಿ ಅಂಟಿಸಿದ್ದು."

ಮಿಸ್ರಿಯಾ ಎದ್ದು ನಿಂತವಳು ಮಗಳ ಕಂಕುಳಿಗೆ ಕೈ ಹಾಕಿ ಎತ್ತಿ ಹೊರಗೆ ತಂದಳು. ಬಣ್ಣದ ಪೆನ್ಸಿಲುಗಳು ನೆಲಕ್ಕೆ ಚೆಲ್ಲಿದವು. ಶಮ್ನಾ ರಾಗ ತೆಗೆದರೂ ಅವಳನ್ನು ಕೆಳಗಿಳಿಸಲು ಮಿಸ್ರಿಯಾಗೆ ಆಗಲಿಲ್ಲ. ಅವಳ ಕಣ್ಣಿನ ಮುಂದೆ ಆ ಬಸ್ಸಿನ ಮುಖವೇ ಇತ್ತು. ನಿನ್ನೆ ಅದು ಒಂದು ಗೇಣು ಈಚೆ ಬಂದಿದ್ದರೆ ಈ ಗೆರೆ ಬಿಡುತ್ತಿತ್ತು. ಮಗಳು ಗೆರೆಯ ಆಚೆ ಇದ್ದಳು.

ರಹ್ಮತ್‌ಗೆ ಮೊದಲು ಅರ್ಥವಾಗಲಿಲ್ಲ. ಹೀಗೆ ಯಾಕೆ ಮಾಡುತ್ತಾರೆ ಎಂದು ಕೇಳಿದರು. ವಹಾಬ್ ಹೇಳಿದರು: ಒಂದು ಕಾರಿಗೆ ಹಿಂದಿನಿಂದ ಲಾರಿಯೋ ಬಸ್ಸೋ ಹೊಡೆದಿರುತ್ತದೆ, ಅದರ ಮುಂದಿನ ಅರ್ಧ ಉಳಿಯುತ್ತದೆ. ಇನ್ನೊಂದು ಎದುರಿನಿಂದ ಹೋಗಿ ಯಾವುದಕ್ಕೋ ಬಡಿದಿರುತ್ತದೆ, ಅದರ ಹಿಂದಿನ ಅರ್ಧ ಉಳಿಯುತ್ತದೆ. ಎರಡನ್ನೂ ಗುಜರಿಯ ಬೆಲೆಗೆ ತಂದು ಒಂದು ಮಾಡಿ ಮಾರುತ್ತಾರೆ.

ಕೆಂಪು ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದವರ ಬಗ್ಗೆ ಅವರು ಏನೂ ಹೇಳಲಿಲ್ಲ. ರಹ್ಮತ್ ಮಡಿಲಿನ ಬೆಳ್ಳುಳ್ಳಿಯನ್ನು ಕೆಳಗಿಟ್ಟು, ಮರಣದ ಸುದ್ದಿ ಕೇಳಿದಾಗ ಹೇಳುವ ಮಾತನ್ನು ಮೆಲ್ಲಗೆ ಹೇಳಿಕೊಂಡರು.

ಆಮೇಲೆ ಅವರಿಗೆ ತಮ್ಮನ ನೆನಪಾಯಿತು. ಪಾಪ, ಅಜ್ಮಲ್‌ಗೆ ಯಾರೋ ಎಂಥ ಮೋಸ ಮಾಡಿದ್ದಾರೆ, ಈಗಲೇ ಹೇಳಬೇಕು ಎಂದು ಅವರೇ ಫೋನ್ ಮಾಡಿ ಬರಹೇಳಿದರು. ಎಂತಕ್ಕೆ ಎಂದು ಹೇಳಲಿಲ್ಲ, ಕಾರಿನ ವಿಷಯ ಎಂದಷ್ಟೇ ಹೇಳಿದರು.

ಅಜ್ಮಲ್ ಬೇಗ ಬಂದ. ನಲವತ್ತೈದರ ಆಸುಪಾಸಿನ, ಯಾವಾಗಲೂ ನಗುಮುಖದ ಮನುಷ್ಯ. ಅಕ್ಕನ ಮಗಳೆಂದರೆ ಪ್ರಾಣ. ಶಮ್ನಾ ಹುಟ್ಟಿದಾಗ ಸಿನಾನ್‌ಗೆ ರಜೆ ಸಿಗದೆ ಆಸ್ಪತ್ರೆಯಲ್ಲಿ ಎರಡು ರಾತ್ರಿ ಬೆಂಚಿನ ಮೇಲೆ ಮಲಗಿದವನು ಅವನೇ. ಗೇಟಿನಿಂದ ಒಳಗೆ ಬಂದು ಶೆಡ್ಡಿನ ಹತ್ತಿರ ನಿಂತ. ನಾಲ್ಕೂ ಬಾಗಿಲು ತೆರೆದಿದ್ದ ಕಾರು, ಕಿತ್ತು ಹಾಕಿದ ಕಾರ್ಪೆಟ್, ನೆಲದ ಮೇಲಿನ ಸ್ಕ್ರೂಡ್ರೈವರ್ ಎಲ್ಲವನ್ನೂ ನೋಡಿದ. ಒಳಗೆ ಬಗ್ಗಿ ನೋಡಲಿಲ್ಲ.

ಅವನು ಬಗ್ಗಲಿಲ್ಲ ಎನ್ನುವುದನ್ನು ಮಿಸ್ರಿಯಾ ಗಮನಿಸಿದಳು. ಕಾರಿನ ನೆಲವನ್ನು ಬಿಚ್ಚಿ ಹಾಕಿದವರ ಮನೆಗೆ ಬಂದ ಯಾರೇ ಆದರೂ ಏನಾಯಿತು ಎಂದು ಬಗ್ಗಿ ನೋಡುತ್ತಾರೆ. ಕಾರಿನ ವ್ಯಾಪಾರಿಯಂತೂ ನೋಡಿಯೇ ನೋಡುತ್ತಾನೆ. ಅಜ್ಮಲ್ ಸುಮ್ಮನೆ ನಿಂತಿದ್ದ. ಅವನ ಮುಖದಲ್ಲಿ ಆಶ್ಚರ್ಯದ ಸುಳಿವೂ ಇರಲಿಲ್ಲ.

"ಮಾಮ, ನಿಮಗೆ ಗೊತ್ತಿತ್ತು," ಎಂದಳು.

ಅವನು ಇಲ್ಲ ಎನ್ನುತ್ತಾನೆ ಎಂದು ರಹ್ಮತ್ ಕಾದರು. ಅವನು ಮೆಟ್ಟಿಲ ಮೇಲೆ ಕೂತ.

ಕೊಡುವಾಗ ಗೊತ್ತಿರಲಿಲ್ಲ ಎಂದು ಆಣೆ ಹಾಕಿದ. ಘಟ್ಟದ ಮೇಲಿನ ಒಬ್ಬ ದಲ್ಲಾಳಿಯಿಂದ ಒಟ್ಟಿಗೆ ಎರಡು ಕಾರು ತಂದಿದ್ದ. ನೋಡಲು ಚಂದ, ಕಾಗದಪತ್ರ ಸರಿ. ಒಂದನ್ನು ಅಕ್ಕನ ಮಗಳಿಗೇ ಇರಲಿ ಎಂದು ಇಲ್ಲಿ ಕೊಟ್ಟ. ಸುಮಾರು ಒಂದು ವರ್ಷ ಕಳೆದ ಮೇಲೆ ಅದೇ ದಲ್ಲಾಳಿ ಬೇರೆ ಯಾರಿಗೋ ಮಾರಿದ್ದ ಒಂದು ಕಾರನ್ನು ತನ್ನ ಪರಿಚಯದ, ತಗಡಿನ ಕೆಲಸ ಮಾಡುವ ಟಿಂಕರ್ ಒಬ್ಬ ಬಿಚ್ಚಿದಾಗ ವಿಷಯ ಹೊರಗೆ ಬಂತು. ಆ ಮನುಷ್ಯ ಮಾರಿದ್ದೆಲ್ಲ ಇಂಥದ್ದೇ ಎಂದು ಟಿಂಕರ್ ಹೇಳಿದ. ಆಮೇಲೆ ಅಜ್ಮಲ್ ಒಂದು ದಿನ ಮಿಸ್ರಿಯಾಳ ಕಾರನ್ನು ಸರ್ವಿಸಿಗೆಂದು ಕೊಂಡುಹೋಗಿ ಕಾರ್ಪೆಟ್ ಎತ್ತಿ ನೋಡಿದ್ದ. ನೋಡಿ, ಕಪ್ಪು ಲೇಪವನ್ನು ಇನ್ನೊಂದು ಪದರ ಬಳಿಸಿ, ತೊಳೆಸಿ ತಂದುಕೊಟ್ಟಿದ್ದ.

ಅಂದಿನಿಂದ ಮೂರು ವರ್ಷ. ಆ ಮೂರು ವರ್ಷವೂ ಅವನು ವಾರಕ್ಕೊಮ್ಮೆ ಈ ಮನೆಗೆ ಬಂದಿದ್ದ, ಈ ಮೆಟ್ಟಿಲ ಮೇಲೆ ಕೂತು ಚಾ ಕುಡಿದಿದ್ದ. ಬಂದಾಗೆಲ್ಲ ಕಾರು ಹೇಗುಂಟು ಎಂದು ಕೇಳುತ್ತಿದ್ದ, ಜೋರು ಓಡಿಸಬೇಡ ಎಂದು ಹೇಳುತ್ತಿದ್ದ. ಮಿಸ್ರಿಯಾ ಅದನ್ನು ಪ್ರೀತಿ ಎಂದುಕೊಂಡಿದ್ದಳು.

"ನಾನು ಬದಲಿಸಿ ಕೊಡ್ಲಿಕ್ಕೆ ಬಂದಿದ್ದೆ ಭಾವ," ಎಂದ ಅಜ್ಮಲ್, ವಹಾಬ್ ಕಡೆ ತಿರುಗಿ. "ಎರಡು ಸಲ. ನೀವೇ ಬೇಡ ಅಂದದ್ದು."

ಅದು ನಿಜ. ಹೊಸದೊಂದು ಕಾರು ಬಂದಿದೆ, ಇದನ್ನು ಕೊಟ್ಟು ಅದನ್ನು ಇಟ್ಟುಕೊಳ್ಳಿ, ಮೇಲೆ ಏನೂ ಕೊಡುವುದು ಬೇಡ ಎಂದು ಅವನು ಎರಡು ಸಲ ಬಂದಿದ್ದ. ಹೆಂಡತಿಯ ತಮ್ಮನಿಂದ ಪುಕ್ಕಟೆ ತೆಗೆದುಕೊಳ್ಳುವುದು ಸರಿಯಲ್ಲವೆಂದು ವಹಾಬ್ ಎರಡು ಸಲವೂ ವಾಪಸು ಕಳಿಸಿದ್ದರು. ಈಗ ಅವರು ಟೆಸ್ಟ್ ಲ್ಯಾಂಪಿನ ವಯರನ್ನು ಕೈಗೆ ಸುತ್ತಿಕೊಳ್ಳುತ್ತಾ ಬಿಚ್ಚುತ್ತಾ ನಿಂತರು.

"ಯಾಕೆಂದು ಹೇಳಿದ್ರೆ ಬೇಡ ಅಂತಿದ್ನಾ?" ಎಂದರು.

ರಹ್ಮತ್ ಎದ್ದು ಒಳಗೆ ಹೋದರು. ಅಡುಗೆಕೋಣೆಯಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿಸಿತು, ಬಹಳ ಹೊತ್ತಿನವರೆಗೆ ಅದು ನಿಲ್ಲಲಿಲ್ಲ.

ಮಿಸ್ರಿಯಾಗೆ ಸಿಟ್ಟು ಇನ್ನೂ ಬಂದಿರಲಿಲ್ಲ. ಆದರೆ ಮಾಮ ಹೇಳಿದ ಒಂದು ಮಾತು ಅವಳ ತಲೆಯಲ್ಲಿ ಸಿಕ್ಕಿಕೊಂಡಿತ್ತು. ಒಟ್ಟಿಗೆ ಎರಡು ಕಾರು. ಇನ್ನೊಂದು ಎಲ್ಲಿ ಎಂದು ಕೇಳಿದಳು.

ಮುಂಡಾಜೆಯ ನೋಣಯ್ಯ ಎಂಬವರಿಗೆ ಕೊಟ್ಟದ್ದು, ಬಿಳಿ ಕಾರು ಎಂದ ಅಜ್ಮಲ್. ರಬ್ಬರ್ ಕೃಷಿ ಇರುವವರು, ಒಳ್ಳೆಯ ಜನ. ಅದನ್ನು ನೋಡಿದ್ದೀರಾ ಎಂದು ಕೇಳಿದಳು. ಇಲ್ಲ, ನೋಡಲು ಧೈರ್ಯ ಬರಲಿಲ್ಲ ಎಂದ. ಅವರಿಗೆ ಬದಲಿಸಿ ಕೊಡುವ ಮಾತೂ ಆಡಿರಲಿಲ್ಲ. ನಾಲ್ಕು ವರ್ಷ ಓಡಿದೆ, ಏನೂ ಆಗಲಿಲ್ಲ, ಈಗ ಹೋಗಿ ಹೇಳಿದರೆ ಕೈಕಂಬದಲ್ಲಿ ಮತ್ತೆ ತಲೆ ಎತ್ತಿ ಅಂಗಡಿ ಇಡಲಿಕ್ಕೆ ಉಂಟಾ ಎಂದು ತಗ್ಗಿದ ದನಿಯಲ್ಲಿ ಹೇಳತೊಡಗಿದ.

"ಫೋನ್ ಮಾಡಿ ಮಾಮ. ಈಗ."

ಅವನು ಭಾವನ ಕಡೆ ನೋಡಿದ. ವಹಾಬ್ ಅವನನ್ನು ನೋಡಲೇ ಇಲ್ಲ. ಅಜ್ಮಲ್ ಫೋನ್ ಮಾಡಿದ. ನೋಣಯ್ಯನ ಹೆಂಡತಿ ನೀಲಾವತಿ ಎತ್ತಿದರು. ಗಂಡ ಹಿತ್ತಲಲ್ಲಿದ್ದಾರೆ, ಕಾರು ಮನೆಯಲ್ಲಿಲ್ಲ, ಮಗ ನಿತೇಶ್ ತಂಗಿಯನ್ನೂ ಅವಳ ಮಗುವನ್ನೂ ಕೊಟ್ಟಿಗೆಹಾರದ ಗಂಡನ ಮನೆಯಿಂದ ಕರೆದುಕೊಂಡು ಬರಲು ಹೋಗಿದ್ದಾನೆ ಎಂದರು. ಅಂದರೆ ಕಾರು ಚಾರ್ಮಾಡಿ ಘಾಟಿಯಲ್ಲಿತ್ತು. ನಿತೇಶನ ನಂಬರ್ ತೆಗೆದುಕೊಂಡು ಮಾಡಿದರೆ ಹೋಗಲಿಲ್ಲ. ಘಾಟಿಯಲ್ಲಿ ಸಿಗ್ನಲ್ ಸಿಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ.

ಶಮ್ನಾಳನ್ನು ಅಜ್ಜಿಯ ಹತ್ತಿರ ಬಿಟ್ಟು ಮೂವರೂ ಅಜ್ಮಲ್‌ನ ಕಾರಿನಲ್ಲಿ ಹೊರಟರು. ಅವನೇ ಓಡಿಸಿದ. ವಹಾಬ್ ಮುಂದೆ ಕೂತರು. ಮಿಸ್ರಿಯಾ ಹಿಂದೆ ಕೂತು ನಿತೇಶನ ನಂಬರ್ ಒತ್ತುತ್ತಲೇ ಇದ್ದಳು. ತನ್ನ ಕಾಲಿನ ಅಡಿಯಲ್ಲಿದ್ದ ಕಾರ್ಪೆಟ್ಟನ್ನು ಅವಳು ಚಪ್ಪಲಿಯ ತುದಿಯಿಂದ ತಡವಿ ನೋಡಿದಳು. ಎಲ್ಲಾದರೂ ಉಬ್ಬು ಸಿಗುತ್ತದೆಯೇ ಎಂದು. ಎದುರಿನಿಂದ ಬರುವ ಪ್ರತಿಯೊಂದು ಬಿಳಿ ಕಾರಿನೊಳಗೂ ಇಣುಕಿ ನೋಡುತ್ತಿದ್ದಳು.

ನೋಣಯ್ಯನ ಮನೆ ಮುಖ್ಯರಸ್ತೆಯಿಂದ ಸ್ವಲ್ಪ ಕೆಳಗೆ. ಅಂಗಳದ ಬದಿಯಲ್ಲಿ ಹಗ್ಗಕ್ಕೆ ರಬ್ಬರ್ ಶೀಟು ಒಣಹಾಕಿದ್ದರು. ಅರುವತ್ತು ದಾಟಿದ ನೋಣಯ್ಯ ಅಜ್ಮಲ್‌ನನ್ನು ಕಂಡು ನಗುತ್ತಾ ಬಂದರು. ನೀಲಾವತಿ ನೀರು, ಬೆಲ್ಲ ತಂದು ಜಗಲಿಯಲ್ಲಿಟ್ಟರು. ನಿತೇಶ್ ಇನ್ನೂ ಬಂದಿಲ್ಲ, ಇಳಿಯುತ್ತಿರಬೇಕು ಎಂದರು.

ಹೇಳಬೇಕಾದವನು ಅಜ್ಮಲ್. ಅವನು ತುಳುವಿನಲ್ಲಿ ಶುರು ಮಾಡಿ, ನಡುವೆ ಸಿಕ್ಕಿಬಿದ್ದು, ವಹಾಬ್ ಮುಖ ನೋಡಿ, ಪುನಃ ಶುರು ಮಾಡಿದ. ಯಾವುದನ್ನೂ ಬಿಡದೆ ಹೇಳಿದ. ನೋಣಯ್ಯ ಮೊದಮೊದಲು ಅರ್ಥವಾಗದೆ ಮುಗುಳ್ನಗುತ್ತಲೇ ಕೇಳಿದರು. ಆ ನಗು ಮುಖದಿಂದ ಯಾವಾಗ ಹೋಯಿತೆಂದು ಗೊತ್ತಾಗಲಿಲ್ಲ.

"ಅಜ್ಮಲ್ ಬ್ಯಾರಿ, ಇದು ನಿಮಗೆ ಗೊತ್ತಾದದ್ದು ಯಾವಾಗ?" ಎಂದು ಕೇಳಿದರು.

ಮಿಸ್ರಿಯಾ ಮಾಮನನ್ನೇ ನೋಡಿದಳು. ಇವತ್ತು ಎಂದು ಹೇಳಲು ಅವನಿಗೆ ಅಡ್ಡಿಯಿರಲಿಲ್ಲ. ಅವಳಾಗಲಿ ತಂದೆಯಾಗಲಿ ಅಲ್ಲಿ ಬಾಯಿ ಬಿಡುತ್ತಿರಲಿಲ್ಲವೇನೋ.

"ಮೂರು ವರ್ಷ ಆಯ್ತು ನೋಣಯ್ಯಣ್ಣ."

ನೀಲಾವತಿ ಜಗಲಿಯ ಕಂಬ ಹಿಡಿದುಕೊಂಡು ನಿಂತಿದ್ದರು. ಹೋದ ವರ್ಷ ಇದೇ ಕಾರಿನಲ್ಲಿ ಮಗಳು ವಿಸ್ಮಿತಾಳನ್ನು ಹೆರಿಗೆಗೆ ಕರೆದುಕೊಂಡು ಬಂದದ್ದು ಎಂದರು. ಅದನ್ನು ಯಾರಿಗೂ ಹೇಳಿದ ಹಾಗಿರಲಿಲ್ಲ. ತಂಬಿಗೆಯ ನೀರನ್ನು ಯಾರೂ ಮುಟ್ಟಲಿಲ್ಲ.

ಆಗ ಮಿಸ್ರಿಯಾಳ ಫೋನಿನಿಂದ ನಿತೇಶನ ನಂಬರಿಗೆ ರಿಂಗ್ ಹೋಗುವ ಸದ್ದು ಬಂತು. ಅವಳು ಫೋನನ್ನು ಕೂಡಲೇ ನೋಣಯ್ಯನ ಕೈಗೆ ಕೊಟ್ಟಳು. ನಿತೇಶ್ ಘಾಟಿ ಇಳಿದು ಚಾರ್ಮಾಡಿ ಊರಿನ ಒಂದು ಹೋಟೆಲಿನ ಮುಂದೆ ಮಗುವಿಗೆ ಹಾಲು ಕುಡಿಸಲೆಂದು ನಿಲ್ಲಿಸಿದ್ದ. ನೋಣಯ್ಯ ಗಟ್ಟಿಯಾಗಿ, ಒಂದೊಂದೇ ಮಾತಾಗಿ ಹೇಳಿದರು. ಕಾರಿಗೆ ಹತ್ತಬೇಡ. ತಂಗಿಯನ್ನು ಹತ್ತಿಸಬೇಡ. ನಾವು ಬರುತ್ತೇವೆ. ಫೋನ್ ವಾಪಸು ಕೊಡುವಾಗ ಅವರ ಕೈ ಅದನ್ನು ಬಿಡಲು ಸ್ವಲ್ಪ ಹೊತ್ತು ಹಿಡಿಯಿತು.

ನೋಣಯ್ಯನವರನ್ನೂ ಕೂರಿಸಿಕೊಂಡು ಚಾರ್ಮಾಡಿ ತಲುಪಿದಾಗ ಹೋಟೆಲಿನ ಮುಂದೆ ಬಿಳಿ ಕಾರು ನಿಂತಿತ್ತು. ನೋಡಲು ಏನೂ ಅನಿಸದ, ತೊಳೆದು ಇಟ್ಟ ಕಾರು. ವಿಸ್ಮಿತಾ ಒಳಗೆ ಬೆಂಚಿನಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ನಿತೇಶ್ ಗಾಬರಿಯಿಂದ ಎದುರು ಬಂದ. ಅಜ್ಮಲ್ ನೇರ ಹೋಗಿ ಹಿಂದಿನ ಬಾಗಿಲು ತೆರೆದು ಮೊಣಕಾಲೂರಿ ಕಾರ್ಪೆಟ್ ಎತ್ತಿದ. ಅದೇ ಕಪ್ಪು ಲೇಪ, ಅದೇ ಉಬ್ಬು. ಇಲ್ಲಿ ಕೆರೆಯಬೇಕಾಗಿಯೇ ಇರಲಿಲ್ಲ. ಲೇಪ ತಾನಾಗಿಯೇ ಉದ್ದಕ್ಕೆ ಸೀಳಿತ್ತು. ಸೀಳಿನಲ್ಲಿ ಕೆಳಗಿನ ಜಲ್ಲಿ ಕಾಣುತ್ತಿತ್ತು.

ಕಳೆದ ವಾರದಿಂದ ಹಿಂದಿನ ಬಾಗಿಲು ಸರಿ ಬೀಳುತ್ತಿರಲಿಲ್ಲ ಎಂದ ನಿತೇಶ್. ಎತ್ತಿ ದೂಡಿ ಹಾಕಬೇಕಿತ್ತು, ಬಿಜಾಗರಿಯ ಕೀಲು ಹೋಗಿರಬೇಕೆಂದು ಎಣಿಸಿದ್ದ. ಇವತ್ತು ತಿರುವುಗಳಲ್ಲಿ ಹಿಂದಿನಿಂದ ಕಿರ್ ಕಿರ್ ಎಂದು ಸದ್ದು ಬರುತ್ತಿತ್ತು, ಸೀಟಿನದು ಎಂದುಕೊಂಡ. ವಹಾಬ್ ಬಾಗಿಲಿನ ಮೇಲಂಚಿನ ಸಂದಿಗೆ ಬೆರಳಿಟ್ಟು ನೋಡಿದರು. ಮುಂದೆ ಬೆರಳು ಹೋಗುತ್ತಿರಲಿಲ್ಲ, ಹಿಂದೆ ಸಲೀಸಾಗಿ ಹೋಗುತ್ತಿತ್ತು. ಬಾಗಿಲಿನದು ತಪ್ಪಿರಲಿಲ್ಲ. ಕಾರೇ ನಡುವೆ ಕುಸಿಯುತ್ತಿತ್ತು.

ವಿಸ್ಮಿತಾ ಮಗುವನ್ನೆತ್ತಿಕೊಂಡು ಬಾಗಿಲಿನವರೆಗೆ ಬಂದು ಆ ಸೀಳನ್ನು ನೋಡಿದಳು. ಮಗುವನ್ನು ಎದೆಗೆ ಒತ್ತಿಕೊಂಡಳು. ಮಿಸ್ರಿಯಾ ಹೋಗಿ ಅವಳ ಭುಜ ಹಿಡಿದು ಬೆಂಚಿನಲ್ಲಿ ಕೂರಿಸಿದಳು. ಇಬ್ಬರೂ ಮೊದಲ ಸಲ ನೋಡುವುದು. ಹೋಟೆಲಿನವನು ಕೇಳದೆಯೇ ಎರಡು ಗ್ಲಾಸು ನೀರು ತಂದಿಟ್ಟ.

ಹೊರಗೆ ಅಜ್ಮಲ್ ಜೇಬಿನಿಂದ ತನ್ನ ಕಾರಿನ ಕೀ ತೆಗೆದು ನೋಣಯ್ಯನ ಮುಂದೆ ಹಿಡಿದ. ಇದನ್ನು ಇಟ್ಟುಕೊಳ್ಳಿ, ಇದು ನಾನು ಹೊಸತೇ ತೆಗೆದದ್ದು, ಇದರಲ್ಲಿ ಏನೂ ಇಲ್ಲ ಎಂದ. ನೋಣಯ್ಯ ಕೀಯನ್ನು ನೋಡಿದರು.

"ಬೇಡ ಬ್ಯಾರಿ. ನಿಮ್ಮ ಕೈಯಿಂದ ನನಗೆ ಇನ್ನು ಕಾರು ಬೇಡ."

ಗಟ್ಟಿಯಾಗಿ ಹೇಳಲಿಲ್ಲ. ಹೇಳಿ, ಮಗನ ಹತ್ತಿರ ಜೀಪು ಸಿಗುತ್ತದೋ ನೋಡು ಎಂದರು. ಆ ಊರಿನದೇ ಒಂದು ಜೀಪಿನಲ್ಲಿ ನಾಲ್ವರೂ ಮುಂಡಾಜೆಗೆ ಹೋದರು. ಅವರು ಹೋದ ಮೇಲೂ ಅಜ್ಮಲ್ ಕೀ ಹಿಡಿದ ಕೈಯನ್ನು ಒಳಗೆ ಹಾಕಿಕೊಂಡಿರಲಿಲ್ಲ.

ಬಿಳಿ ಕಾರನ್ನು ಸಂಜೆಯೊಳಗೆ ಒಂದು ಟೆಂಪೋದ ಮೇಲೆ ಹಗ್ಗ ಕಟ್ಟಿ ಬೆಳ್ತಂಗಡಿಗೆ ಇಳಿಸಿದರು. ಹತ್ತಿಸುವಾಗ ಹಿಂದಿನ ಚಕ್ರದ ಹತ್ತಿರ ಏನೋ ಟಪ್ಪೆಂದು ಬಿಟ್ಟಿತು. ಹಗ್ಗ ಹಿಡಿದಿದ್ದವರು ಒಮ್ಮೆಲೇ ದೂರ ಸರಿದರು. ವಹಾಬ್ ಭಾವಮೈದುನನ ಪಕ್ಕಕ್ಕೆ ಹೋಗಿ ನಿಂತು, ಇನ್ನು ಸ್ಟೇಷನಿಗೆ ಹೋಗುವ ಎಂದರು. ಅಜ್ಮಲ್ ತಲೆಯಾಡಿಸಿದ. ದಲ್ಲಾಳಿಯ ಹೆಸರು, ಕಾರು ತಂದ ಊರು, ತಾನು ಮುಚ್ಚಿಟ್ಟದ್ದು ಎಲ್ಲವನ್ನೂ ಅವನು ಅಲ್ಲಿ ಬರೆಸಿದ. ಮಿಸ್ರಿಯಾ ಹೊರಗಿನ ಕಟ್ಟೆಯಲ್ಲಿ ಕೂತು ಸಿನಾನ್‌ಗೆ ಫೋನ್ ಮಾಡಿದಳು. ಅವನು ಹಲೋ ಎಂದಾಗ ಅವಳಿಗೆ ಅಳು ಬಂತು. ಆ ಇಡೀ ದಿನದಲ್ಲಿ ಅದೇ ಮೊದಲು.

ಎರಡೂ ಕಾರುಗಳನ್ನು ಪೊಲೀಸರು ಇಟ್ಟುಕೊಂಡರು. ಘಟ್ಟದ ಮೇಲೆ ಹುಡುಕಿಕೊಂಡು ಹೋದಾಗ ದಲ್ಲಾಳಿಯ ಶೆಡ್ಡು ಖಾಲಿಯಾಗಿತ್ತಂತೆ. ಅಕ್ಕಪಕ್ಕದವರಿಗೂ ಅವನು ಎಲ್ಲಿ ಹೋದನೆಂದು ಗೊತ್ತಿರಲಿಲ್ಲ. ಕೆಂಪು ಕಾರು ಯಾರದ್ದು, ಅದಕ್ಕೆ ಏನಾಯಿತು ಎಂಬುದೂ ಗೊತ್ತಾಗಲಿಲ್ಲ. ಅಜ್ಮಲ್ ಕೈಕಂಬದ ಅಂಗಡಿಯನ್ನು ಬಿಟ್ಟುಕೊಟ್ಟು, ಬಂದದ್ದರಲ್ಲಿ ನೋಣಯ್ಯನವರ ಹಣವನ್ನು ಹಿಂತಿರುಗಿಸಿದ. ಅವರು ನಿತೇಶನನ್ನು ಕಳಿಸಿ ತರಿಸಿಕೊಂಡರು, ತಾವು ಬರಲಿಲ್ಲ. ಈ ಮನೆಯ ಹಣವನ್ನೂ ತಂದಿಟ್ಟಾಗ ವಹಾಬ್ ಈ ಸಲ ಬೇಡ ಎನ್ನಲಿಲ್ಲ.

ಮಿಸ್ರಿಯಾ ಮೂಡುಬಿದಿರೆಗೆ ಬಸ್ಸಿನಲ್ಲಿ ಹೋಗತೊಡಗಿದಳು. ಬಸ್ಸು ಬ್ರೇಕ್ ಹಾಕಿದಾಗೆಲ್ಲ ಅವಳ ಕೈ ತಾನಾಗಿ ಮಗಳ ಎದೆಗೆ ಅಡ್ಡ ಹೋಗುತ್ತಿತ್ತು. ಸಿದ್ದಕಟ್ಟೆಯ ಆ ತಿರುವು ಬಂದಾಗ ಹಿಂದಿನ ಗಾಜಿನ ಕಡೆಗೆ ತಿರುಗಿ ನೋಡದೆ ಇರಲು ಆಗುತ್ತಿರಲಿಲ್ಲ.

ರಹ್ಮತ್ ತಮ್ಮನ ಹತ್ತಿರ ಮಾತು ಬಿಟ್ಟಿದ್ದರು. ಎರಡು ತಿಂಗಳಾದ ಮೇಲೆ ಒಂದು ಶುಕ್ರವಾರ, ಮಸೀದಿಯಲ್ಲಿ ಜುಮಾ ನಮಾಜು ಮುಗಿಸಿ ಬರುವಾಗ ವಹಾಬ್ ಅವನನ್ನು ಜೊತೆಗೆ ಕರೆದುಕೊಂಡು ಬಂದರು. ಅಜ್ಮಲ್ ಸೊರಗಿದ್ದ. ರಹ್ಮತ್ ಅವನ ಮುಖ ನೋಡದೆ ತಟ್ಟೆ ಇಟ್ಟು ಅನ್ನ ಬಡಿಸಿದರು. ಅಂದು ಮಿಸ್ರಿಯಾಗೂ ಶಮ್ನಾಳ ಶಾಲೆಗೂ ರಜೆ. ಮಿಸ್ರಿಯಾಗೆ ಅವನ ಹತ್ತಿರ ಕೇಳಲಿಕ್ಕೆ ಒಂದೇ ಒಂದು ಮಾತಿತ್ತು. ಅಷ್ಟು ದಿನ ಅದನ್ನು ಇಟ್ಟುಕೊಂಡಿದ್ದಳು.

"ಮಾಮ, ಆ ಮೂರು ವರ್ಷ ನಿಮಗೆ ರಾತ್ರಿ ನಿದ್ದೆ ಬರ್ತಿತ್ತಾ?"

ಅವನು ಸುಳ್ಳು ಹೇಳಬಹುದಿತ್ತು. ಇಲ್ಲ ಎಂದಿದ್ದರೆ ಎಲ್ಲರಿಗೂ ಸ್ವಲ್ಪ ಸಮಾಧಾನವಾಗುತ್ತಿತ್ತು. ಅವನು ತುತ್ತನ್ನು ತಟ್ಟೆಯಲ್ಲಿಯೇ ಬಿಟ್ಟ.

"ಮೊದಲಿಗೆ ಬರ್ತಿರಲಿಲ್ಲ," ಎಂದ. "ಆಮೇಲಾಮೇಲೆ ಬರ್ತಿತ್ತು."

ರಹ್ಮತ್‌ರ ಕೈಯಲ್ಲಿದ್ದ ಸೌಟು ಪಾತ್ರೆಯ ಮೇಲೆ ಹಾಗೆಯೇ ನಿಂತಿತು. ಮಿಸ್ರಿಯಾ ಅವನನ್ನೇ ನೋಡಿದಳು. ಆಸ್ಪತ್ರೆಯ ಬೆಂಚಿನಲ್ಲಿ ಮಲಗಿದ್ದವನೂ ಇವನೇ, ಇದನ್ನು ಹೇಳುತ್ತಿರುವವನೂ ಇವನೇ. ಅವಳು ಎದ್ದು ಹೋಗಬೇಕೆಂದುಕೊಂಡಳು, ಹೋಗಲಿಲ್ಲ. ಶಮ್ನಾ ಬಂದು ಅಜ್ಮಲ್‌ನ ಪಕ್ಕದಲ್ಲಿ ಕೂತು ತನಗೂ ತಟ್ಟೆ ಬೇಕೆಂದಳು. ಸ್ವಲ್ಪ ಹೊತ್ತಿನ ಮೇಲೆ ಮಿಸ್ರಿಯಾ ಒಳಗೆ ಹೋಗಿ ಮಗಳ ತಟ್ಟೆ ತಂದಿಟ್ಟಳು.